ಬೆರಳು ಆಡುತ್ತೆ ಅಂದರೆ ಮೂಳೆ ಮುರಿದಿಲ್ಲ ಅಂತಲ್ಲ

ಪ್ರಶ್ನೆ: ನಮ್ಮದು ಕೊಪ್ಪದ ಹತ್ತಿರ ತೋಟದ ಮನೆ. ನಿನ್ನೆ ಸಂಜೆ ಮಳೆಯಲ್ಲಿ ಅಂಗಳಕ್ಕೆ ಹಾಸಿದ್ದ ಅಡಿಕೆ ದಬ್ಬೆ ಮೇಲೆ ಜಾರಿ ಬಲಗಾಲು ಒಳಕ್ಕೆ ಮಡಚಿಕೊಂಡಿತು. ಗಿಣ್ಣಿನ ಹೊರಗಡೆ ಊದಿ ನೀಲಿಯಾಗಿದೆ. ಗೋಡೆ ಹಿಡಿದು ಬಚ್ಚಲಿಗೆ ಹೋಗಿಬರುತ್ತಿದ್ದೇನೆ. ಬೆರಳು ಆಡುತ್ತಲ್ಲ, ಬರೀ ಉಳುಕು, ಎಣ್ಣೆ ಬಿಸಿ ಮಾಡಿ ನೀವಿದರೆ ಹೋಗುತ್ತೆ ಅಂತಾರೆ ಅತ್ತೆ. ಎಕ್ಸ್‌ರೇ ಬೇಕಾ?

ಉತ್ತರ: ಮೊದಲು ಆ ಎಣ್ಣೆ ಬೇಡ ಅಂತ ಅತ್ತೆಗೆ ಹೇಳಿ. ಮೊದಲ ಎರಡು ಮೂರು ದಿನ ನೀವುವುದು, ಬಿಸಿ ಶಾಖ ಕೊಡುವುದು ಎರಡೂ ಊತ ಜಾಸ್ತಿ ಮಾಡುತ್ತವೆ. ಮೂಳೆ ಮುರಿದಿದ್ದರಂತೂ ನೀವಿದಾಗ ತುಂಡು ಸರಿದುಬಿಡಬಹುದು.

ಬೆರಳು ಆಡಿಸುವ ಮುಖ್ಯ ಸ್ನಾಯುಗಳು ಮೊಣಕಾಲಿನ ಕೆಳಗೆ, ಗಿಣ್ಣಿಗಿಂತ ಮೇಲಿವೆ. ಗಿಣ್ಣಿನ ಮೂಳೆ ಬಿರುಕು ಬಿಟ್ಟರೂ ಬೆರಳು ಆಡುತ್ತಲೇ ಇರುತ್ತವೆ. ಊತ, ನೀಲಿ ನೋಡಿಯೂ ಹೇಳಲಾಗದು, ಜೋರು ಉಳುಕು ಸಣ್ಣ ಬಿರುಕಿಗಿಂತ ಜಾಸ್ತಿ ಊದುವುದುಂಟು.

ನೋಡಬೇಕಾದ್ದು ನೋವು ಎಲ್ಲಿದೆ ಅಂತ. ಗಿಣ್ಣಿನ ಹಿಂಬದಿಯ ಅಂಚನ್ನು ತುದಿಯಿಂದ ಮೇಲಕ್ಕೆ ಸುಮಾರು 6 ಸೆಂ.ಮೀ.ವರೆಗೆ ಹೆಬ್ಬೆರಳಿನಿಂದ ಒತ್ತಿ, ಒಳಗಡೆ, ಹೊರಗಡೆ ಎರಡೂ. ಆಮೇಲೆ ಕಿರುಬೆರಳಿಂದ ಪಾದದ ಹೊರ ಅಂಚಿನ ಮೇಲೆ ಹಿಮ್ಮಡಿ ಕಡೆಗೆ ಬೆರಳು ಸರಿಸಿ. ಅರ್ಧ ದಾರಿಯಲ್ಲಿ ಒಂದು ಮೂಳೆಯ ಉಬ್ಬು ಸಿಗುತ್ತೆ, ಅದನ್ನೂ ಒತ್ತಿ. ಕಾಲು ಒಳಕ್ಕೆ ಮಡಚಿದಾಗ ಅಲ್ಲೇ ಮುರಿಯುವುದು ಬಹಳ, ಎಲ್ಲರೂ ಗಿಣ್ಣನ್ನೇ ನೋಡುತ್ತಾ ಅದನ್ನು ಮರೆತುಬಿಡುತ್ತಾರೆ. ಪಾದದ ಒಳಗಡೆ, ಗಿಣ್ಣಿನ ಸ್ವಲ್ಪ ಮುಂದಿರುವ ಉಬ್ಬೂ ಲೆಕ್ಕಕ್ಕೆ ಬರುತ್ತೆ. ಇವುಗಳಲ್ಲಿ ಎಲ್ಲಾದರೂ ಒತ್ತಿದಾಗ ಮೂಳೆ ಮೇಲೇ ಚುರುಕ್ ಅಂದರೆ ಎಕ್ಸ್‌ರೇ ಬೇಕು. ನೋವೆಲ್ಲಾ ಹೊರ ಗಿಣ್ಣಿನ ಮುಂದೆ, ಕೆಳಗಿನ ಮೆತ್ತನೆ ಜಾಗದಲ್ಲೇ ಇದ್ದರೆ ಉಳುಕಿರುವ ಸಾಧ್ಯತೆ ಹೆಚ್ಚು.

ಇನ್ನೊಂದು, ಗೋಡೆ ಬಿಟ್ಟು ನಾಲ್ಕು ಹೆಜ್ಜೆ ಹಾಕಿ ನೋಡಿ. ಕುಂಟಿದರೂ ಪರವಾಗಿಲ್ಲ, ಆದರೆ ಆ ಕಾಲಿನ ಮೇಲೆ ಭಾರ ಬೀಳಬೇಕು. ಬಿದ್ದ ತಕ್ಷಣವೂ ಆಗಲಿಲ್ಲ, ಈಗಲೂ ಆಗುತ್ತಿಲ್ಲ ಅಂದರೆ ಕಾಯಬೇಡಿ, ಎಕ್ಸ್‌ರೇ ತೆಗೆಸಿ. ಕೆನಡಾದ ಒಟ್ಟಾವಾದ ವೈದ್ಯರು 1992ರಲ್ಲಿ ಕೊಟ್ಟ ನಿಯಮಗಳಿವು, ಆಸ್ಪತ್ರೆಗಳಲ್ಲಿ ಇವತ್ತಿಗೂ ಬಳಸುತ್ತೇವೆ. ಚಿಕ್ಕ ಮಕ್ಕಳಿಗೆ, ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಮಾತ್ರ ಇದನ್ನು ನಂಬಬೇಡಿ, ಸೀದಾ ವೈದ್ಯರಿಗೆ ತೋರಿಸಿ.

ಕಾಲು ಸೊಟ್ಟಗಾಗಿದ್ದರೆ, ಚರ್ಮ ಹರಿದು ಮೂಳೆ ಕಂಡರೆ, ಬೆರಳು ತಣ್ಣಗಾಗಿ ಬಿಳಿಚಿದರೆ, ಮರಗಟ್ಟಿದರೆ ರಾತ್ರಿಯಾದರೂ ಸರಿ, ಹೊರಡಿ. ಕಾಲಿನ ಸುತ್ತ ದಿಂಬು ಕಟ್ಟಿಕೊಂಡು ಹೋಗಿ. ನಾಟಿ ಕಟ್ಟು ಬೇಡವೇ ಬೇಡ. ಬಿಗಿಯಾಗಿ ಕಟ್ಟಿದ ಮೇಲೆ ಒಳಗೆ ಊತ ಏರಿ ರಕ್ತ ಓಡಾಟ ನಿಂತರೆ ಪಾದವೇ ಹೋಗಬಹುದು.

ಸದ್ಯಕ್ಕೆ ಐಸನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಿ, ಎರಡು ಮೂರು ಗಂಟೆಗೊಮ್ಮೆ. ಮಲಗಿದಾಗ ಕಾಲು ಎದೆಗಿಂತ ಎತ್ತರದಲ್ಲಿರಲಿ. ಕ್ರೇಪ್ ಬ್ಯಾಂಡೇಜ್ ಸುತ್ತಿದರೆ ಬೆರಳು ಜುಮುಗುಡದಷ್ಟು ಸಡಿಲವಿರಲಿ. ಎಕ್ಸ್‌ರೇಯಲ್ಲಿ ಏನೂ ಕಾಣದೆ, ವಾರ ಕಳೆದರೂ ಕಾಲೂರಲು ಆಗದಿದ್ದರೆ ಮತ್ತೊಮ್ಮೆ ತೋರಿಸಿ. ಕೆಲವು ಬಿರುಕುಗಳು ಮೊದಲ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ.