ಎರಡೇ ವಾರದಲ್ಲಿ ಸ್ಟೇಜ್ ಏರಿತಾ?

ಪ್ರಶ್ನೆ: ಡಾಕ್ಟರೇ, ಅಮ್ಮನಿಗೆ 58 ವರ್ಷ. ಎಡ ಎದೆಯಲ್ಲಿ ಗಂಟು ಇತ್ತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು, ‘ಸ್ಟೇಜ್ 2ಎ’ ಎಂದರು. ಎರಡು ವಾರಕ್ಕೆ ಆಪರೇಷನ್ ಆಯಿತು. ಈಗ 2ಬಿ ಅನ್ನುತ್ತಿದ್ದಾರೆ. ರಿಪೋರ್ಟಿನಲ್ಲಿ ‘3.2 ಸೆಂ.ಮೀ., ನೋಡ್ 2/14, ಪಿಟಿ2 ಎನ್1ಎ, ಗ್ರೇಡ್ 3’ ಎಂದಿದೆ. ಅದನ್ನು ಓದಿದ ಚಿಕ್ಕಪ್ಪ ಮೂರನೇ ಸ್ಟೇಜ್ ಅಂತ ನೆಂಟರಿಗೆಲ್ಲ ಹೇಳಿಬಿಟ್ಟಿದ್ದಾರೆ. ಸೂಜಿ ಚುಚ್ಚಿದ್ದಕ್ಕೇ ಹರಡಿತು ಅಂತಾರೆ ದೊಡ್ಡಮ್ಮ. ಯಾವುದು ನಿಜ?
– ಓದುಗರೊಬ್ಬರು, ತಿಪಟೂರು

ಉತ್ತರ: ಮೊದಲು ದೊಡ್ಡಮ್ಮನವರಿಗೆ ಹೇಳಿ, ಸೂಜಿಯಿಂದ ಸ್ಟೇಜ್ ಏರಿಲ್ಲ. ಈ ಭಯಕ್ಕೇ ಬಯಾಪ್ಸಿ ಬೇಡ ಅಂತ ತಿಂಗಳುಗಟ್ಟಲೆ ಮನೆಯಲ್ಲಿ ಕೂತು, ಗಂಟು ಚರ್ಮದವರೆಗೆ ಬಂದ ಮೇಲೆ ನನ್ನ ಹತ್ತಿರ ಬಂದವರಿದ್ದಾರೆ.

ಆಪರೇಷನ್‌ಗೆ ಮುಂಚೆ ಹೇಳುವ ಸ್ಟೇಜ್ ಒಂದು ಅಂದಾಜು. ಕೈಯಲ್ಲಿ ಮುಟ್ಟಿ, ಮ್ಯಾಮೊಗ್ರಾಂ, ಅಲ್ಟ್ರಾಸೌಂಡ್ ನೋಡಿ ಹೇಳಿದ್ದು. ಗಂಟು 2 ಸೆಂ.ಮೀ.ಗಿಂತ ಜಾಸ್ತಿ, 5ರೊಳಗೆ ಇದ್ದರೆ ಅದು ಟಿ2. ಕಂಕುಳಲ್ಲಿ ಅನುಮಾನ ಬರುವಂಥದ್ದು ಏನೂ ಕಾಣದಿದ್ದರೆ ಎನ್0. ಎರಡೂ ಸೇರಿ 2ಎ. ಅವತ್ತು ಹೇಳಿದ್ದು ಸರಿಯಾಗಿಯೇ ಇತ್ತು.

ಆಪರೇಷನ್ನಿನಲ್ಲಿ ಕಂಕುಳಿಂದ 14 ಗ್ರಂಥಿ (ರಿಪೋರ್ಟಿನಲ್ಲಿರುವ ‘ನೋಡ್’ ಇದೇ) ತೆಗೆದಿದ್ದಾರೆ. ಪೆಥಾಲಜಿಯವರು ಒಂದೊಂದನ್ನೂ ಹುಡುಕಿ, ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಎರಡರಲ್ಲಿ ಕ್ಯಾನ್ಸರ್ ಸಿಕ್ಕಿತು. ‘2/14’ ಅಂದರೆ ಅಷ್ಟೇ. ಅವು ಆ ಎರಡು ವಾರದಲ್ಲಿ ಬಂದು ಸೇರಿದ್ದಲ್ಲ, ಮೊದಲೇ ಇದ್ದವು, ಸ್ಕ್ಯಾನಿಗೆ ಕಾಣಲಿಲ್ಲ. ಒಂದರಿಂದ ಮೂರು ಗ್ರಂಥಿಯಾದರೆ ಎನ್1. ಟಿ2, ಎನ್1 ಸೇರಿದರೆ 2ಬಿ. ನಾಲ್ಕು ಗ್ರಂಥಿಯಲ್ಲಿ ಇದ್ದಿದ್ದರೆ ಗಂಟು ಇಷ್ಟೇ ಇದ್ದರೂ 3ಎ ಆಗುತ್ತಿತ್ತು. ಮುಂದಿರುವ ‘ಪಿ’ ಪೆಥಾಲಜಿಯದು.

‘ಎಂ’ ಯಾಕಿಲ್ಲ ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮೂಳೆ, ಶ್ವಾಸಕೋಶ, ಲಿವರ್‌ಗೆ ಹೋಗಿದೆಯಾ ಅನ್ನುವ ಲೆಕ್ಕ ಅದು. ಆಪರೇಷನ್ನಿನಲ್ಲಿ ತೆಗೆದ ತುಂಡು ನೋಡಿ ಹೇಳೋಕಾಗಲ್ಲ. ಡಾಕ್ಟರು ಪರೀಕ್ಷೆ ಮಾಡಿ, ಬೇಕಿದ್ದರೆ ಸ್ಕ್ಯಾನ್ ಮಾಡಿಸಿ ಹೇಳುತ್ತಾರೆ. ಹೋಗಿದ್ದರೆ ಮಾತ್ರ ನಾಲ್ಕನೇ ಸ್ಟೇಜ್.

ಇನ್ನು ನಿಮ್ಮ ಚಿಕ್ಕಪ್ಪ. ಪ್ರತಿ ಮನೆಯಲ್ಲೂ ಇಂಥವರೊಬ್ಬರು ಇರುತ್ತಾರೆ, ಬೈಯಬೇಡಿ. ಗ್ರೇಡೇ ಬೇರೆ, ಸ್ಟೇಜೇ ಬೇರೆ. ಕ್ಯಾನ್ಸರ್ ಕೋಶಗಳು ಮಾಮೂಲಿ ಕೋಶಗಳಿಗಿಂತ ಎಷ್ಟು ಬೇರೆ ಕಾಣುತ್ತವೆ, ಎಷ್ಟು ಬೇಗ ಒಡೆದು ಹೆಚ್ಚುತ್ತಿವೆ ಅನ್ನುವುದಕ್ಕೆ ಗ್ರೇಡ್. ಮೂರು ಲಕ್ಷಣಕ್ಕೆ ಒಂದರಿಂದ ಮೂರು ಅಂಕ ಕೊಟ್ಟು ಕೂಡುತ್ತಾರೆ. ಒಟ್ಟು 8 ಅಥವಾ 9 ಬಂದರೆ ಗ್ರೇಡ್ 3. ಚುರುಕಾಗಿ ಬೆಳೆಯುವ ಜಾತಿ ಅಂತ ಅರ್ಥ, ಅದನ್ನು ಕಡೆಗಣಿಸುವ ಹಾಗಿಲ್ಲ. ಆದರೆ ಒಂದನೇ ಸ್ಟೇಜಿನಲ್ಲೂ ಗ್ರೇಡ್ 3 ಇರಬಹುದು.

ನನಗೆ ನಿಮ್ಮ ಪತ್ರದಲ್ಲಿ ಕಾಣದೆ ಹೋಗಿದ್ದು ಇಆರ್, ಪಿಆರ್, ಹರ್2 ರಿಪೋರ್ಟ್. ಕ್ಯಾನ್ಸರ್ ಕೋಶಗಳಲ್ಲಿ ಹಾರ್ಮೋನ್ ಹಿಡಿಯುವ ಪ್ರೋಟೀನ್ (ಇಆರ್, ಪಿಆರ್) ಇದೆಯಾ, ಬೆಳವಣಿಗೆಗೆ ಚುರುಕು ಕೊಡುವ ಹರ್2 ಪ್ರೋಟೀನ್ ಜಾಸ್ತಿ ಇದೆಯಾ ಅಂತ ನೋಡುವ ಪರೀಕ್ಷೆ ಅದು. 2018ರಿಂದ ಜಾರಿಯಲ್ಲಿರುವ ಲೆಕ್ಕದಲ್ಲಿ ಗಂಟಿನ ಅಳತೆ, ಗ್ರಂಥಿಗಳ ಎಣಿಕೆಗೆ ಗ್ರೇಡನ್ನೂ ಇವನ್ನೂ ಸೇರಿಸಿ ಸ್ಟೇಜ್ ಹೇಳಬಹುದು. ಆಗ 2ಬಿ ಇದ್ದದ್ದು ಕೆಳಗೂ ಇಳಿಯಬಹುದು, ಮೇಲೂ ಹೋಗಬಹುದು. ಹಾರ್ಮೋನ್ ಮಾತ್ರೆ ಬೇಕಾ, ಹರ್2 ಇಂಜೆಕ್ಷನ್ ಬೇಕಾ ಅನ್ನುವುದೂ ಇದರ ಮೇಲೇ ನಿಂತಿದೆ. ಮುಂದಿನ ಭೇಟಿಗೆ ಆ ಹಾಳೆ ತೆಗೆದುಕೊಂಡು ಹೋಗಿ. ಹರ್2 ಮುಂದೆ ‘2+’ ಅಂತಿದ್ದರೆ ಇದೆಯೋ ಇಲ್ಲವೋ ಖಚಿತವಿಲ್ಲ ಅಂತ ಅರ್ಥ, ಹರ್2 ಜೀನ್ ಹೆಚ್ಚಾಗಿದೆಯಾ ಅಂತ ನೋಡುವ ಫಿಶ್ ಪರೀಕ್ಷೆ ಆಗಿದೆಯಾ ಕೇಳಿ. ಲ್ಯಾಬಿನಲ್ಲಿ ಮೇಣದಲ್ಲಿ ಹುದುಗಿಸಿಟ್ಟಿರುವ ಗಂಟಿನ ತುಂಡಿನಿಂದಲೇ (ಬ್ಲಾಕ್) ಮಾಡುತ್ತಾರೆ, ಅಮ್ಮನಿಗೆ ಮತ್ತೆ ಚುಚ್ಚಬೇಕಿಲ್ಲ.