ಓಟ ಹೆಚ್ಚಿಸಿದ್ದೇನೆ, ತೂಕವೂ ಇಳಿಯಬೇಕು: ಊಟವನ್ನು ಎಷ್ಟು ಹೆಚ್ಚಿಸಲಿ?

ನಿಮ್ಮ ಪ್ರಶ್ನೆಯಲ್ಲಿರುವ ವಿವರಗಳು ಇವು: ವಯಸ್ಸು 35, ಎತ್ತರ 170 ಸೆಂ.ಮೀ., ತೂಕ 82 ಕೆ.ಜಿ., ಕುಳಿತು ಮಾಡುವ ಕೆಲಸ. ದಿನಕ್ಕೆ 1,550 ಕ್ಯಾಲೊರಿಯ ಊಟ ಮತ್ತು ಬೆಳಗಿನ ಅರ್ಧ ಗಂಟೆಯ ನಡಿಗೆಯಿಂದ ನಿಮ್ಮ ತೂಕ ಇಳಿಯುತ್ತಿತ್ತು. ಈಗ ವಾರದಲ್ಲಿ ನಾಲ್ಕು ದಿನ ನಡಿಗೆಯ ಬದಲು 40 ನಿಮಿಷದಲ್ಲಿ 5 ಕಿಲೋಮೀಟರ್ ಓಡುತ್ತಿದ್ದೀರಿ. ಸ್ಮಾರ್ಟ್‌ವಾಚ್ 520 ಕ್ಯಾಲೊರಿ ಖರ್ಚಾಯಿತೆಂದು ತೋರಿಸುತ್ತದೆ, ಆ್ಯಪ್ ಅಷ್ಟನ್ನೂ ಅಂದಿನ ಊಟಕ್ಕೆ ಸೇರಿಸುತ್ತದೆ. ಅದನ್ನು ತಿನ್ನಬೇಕೇ ಎಂಬುದು ನಿಮ್ಮ ಅನುಮಾನ.

ಪೂರ್ತಿ ತಿನ್ನಬೇಡಿ, ಏನೂ ಸೇರಿಸದೆಯೂ ಇರಬೇಡಿ. ಓಡುವ ದಿನಗಳಲ್ಲಿ ಸುಮಾರು 150 ಕ್ಯಾಲೊರಿ ಹೆಚ್ಚಿಸಿ, ಮೂರು ವಾರ ಅದನ್ನು ಬದಲಿಸದೆ ನೋಡಿ. ಆಹಾರತಜ್ಞೆಯಾಗಿ ನನ್ನ ಬಳಿ ಬರುವವರಿಗೂ ಇದನ್ನೇ ಹೇಳುತ್ತೇನೆ. ಮುಂದೆ ಓಟ ಇನ್ನಷ್ಟು ಹೆಚ್ಚಿದಾಗ ನೀವೇ ಲೆಕ್ಕ ಹಾಕಿಕೊಳ್ಳಬೇಕಾದ್ದರಿಂದ, ಈ ಸಂಖ್ಯೆ ಹೇಗೆ ಬಂತೆಂದು ವಿವರಿಸುತ್ತೇನೆ.

1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರದ ಪ್ರಕಾರ ಗಂಡಸರ ದೇಹವು ವಿಶ್ರಾಂತಿಯಲ್ಲಿ ಖರ್ಚು ಮಾಡುವ ಶಕ್ತಿಯನ್ನು ತಿಳಿಯಲು ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಿ, ವಯಸ್ಸಿನ ಐದು ಪಟ್ಟನ್ನು ಕಳೆದು, 5 ಸೇರಿಸಬೇಕು. ನಿಮಗೆ ಅದು ಸುಮಾರು 1,710 ಆಗುತ್ತದೆ. ಕುಳಿತು ಕೆಲಸ ಮಾಡುವವರಿಗೆ ಇದನ್ನು 1.2ರಿಂದ ಗುಣಿಸುತ್ತಾರೆ, ಆಗ 2,050. ನಿಮ್ಮ 1,550 ಬಂದಿರುವುದು ಇದರಿಂದ 500 ಕಳೆದು. ಆ್ಯಪ್‌ನಲ್ಲಿ ನೀವು ‘ಮಧ್ಯಮ ಚಟುವಟಿಕೆ’ ಎಂದು ಆರಿಸಿದ್ದರೆ ಗುಣಕ 1.55 ಆಗಿ ವ್ಯಾಯಾಮವೂ ಅದರೊಳಗೇ ಸೇರಿಬಿಡುತ್ತದೆ. ಅದರ ಮೇಲೆ ಓಟದ ಕ್ಯಾಲೊರಿಯನ್ನೂ ಕೂಡಿಸಿದರೆ ಒಂದೇ ಓಟವನ್ನು ಎರಡು ಸಲ ಎಣಿಸಿದಂತೆ. ದಯವಿಟ್ಟು ಇದನ್ನು ಮೊದಲು ಪರಿಶೀಲಿಸಿ.

ಇನ್ನು ಓಟದ ಖರ್ಚು. ಸಮತಟ್ಟಾದ ದಾರಿಯಲ್ಲಿ ಓಡುವಾಗ ಪ್ರತಿ ಕಿಲೋಗ್ರಾಂ ದೇಹತೂಕಕ್ಕೆ, ಪ್ರತಿ ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಕ್ಯಾಲೊರಿ ಬೇಕು. ವೇಗದಿಂದ ಇದು ಹೆಚ್ಚೇನೂ ಬದಲಾಗುವುದಿಲ್ಲ. ಆ ಪ್ರಕಾರ ನಿಮ್ಮ 5 ಕಿಲೋಮೀಟರಿಗೆ 410. ಆ 40 ನಿಮಿಷ ಸುಮ್ಮನೆ ಕುಳಿತಿದ್ದರೂ 55ರಷ್ಟು ಖರ್ಚಾಗುತ್ತಿತ್ತು, ಅದು 2,050ರಲ್ಲಿ ಆಗಲೇ ಸೇರಿದೆ. ಹಾಗಾಗಿ ಉಳಿದದ್ದು ಸುಮಾರು 350. ಇದರಿಂದ ನೀವು ಬಿಟ್ಟ ನಡಿಗೆಯ 100 ಕ್ಯಾಲೊರಿಯನ್ನೂ ಕಳೆಯಬೇಕು. ಬಹಳಷ್ಟು ಜನ ಮರೆಯುವ ಮಾತು ಇದೇ. 520 ಎಂದು ತೋರಿದ್ದರಲ್ಲಿ ನಿಜಕ್ಕೂ ಹೊಸದಾಗಿ ಸೇರಿದ್ದು 250 ಮಾತ್ರ. ಗಡಿಯಾರದ ಅಂಕಿಯನ್ನು ನಾನು ನಂಬದಿರುವುದಕ್ಕೆ ಕಾರಣವಿದೆ: 2017ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಕೈಗೆ ಕಟ್ಟುವ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಹೃದಯಬಡಿತವನ್ನು ಹೆಚ್ಚಿನವು ಸರಿಯಾಗಿ ಅಳೆದರೂ, ಶಕ್ತಿಯ ಖರ್ಚಿನ ವಿಷಯದಲ್ಲಿ ಎಲ್ಲಕ್ಕಿಂತ ಉತ್ತಮವಾದದ್ದೂ ಸರಾಸರಿ ಶೇ. 27ರಷ್ಟು ತಪ್ಪಿತ್ತು.

ಆ 250ನ್ನಾದರೂ ಪೂರ್ತಿ ತಿನ್ನಬಾರದೇಕೆ? ಬೆಳಿಗ್ಗೆ ಓಡಿದವರು ಉಳಿದ ಹೊತ್ತಿನಲ್ಲಿ ತಮಗರಿಯದಂತೆ ಕಡಿಮೆ ಓಡಾಡುತ್ತಾರೆ. ಜೊತೆಗೆ ಊಟದ ಲೆಕ್ಕದಲ್ಲಿ ಯಾವಾಗಲೂ ಏನಾದರೂ ಬಿಟ್ಟುಹೋಗಿರುತ್ತದೆ. ನಾನು ನೋಡುವ ಊಟದ ಪಟ್ಟಿಗಳಲ್ಲಿ ‘ಹುರುಳಿಕಾಯಿ ಪಲ್ಯ, ಒಂದು ಬಟ್ಟಲು’ ಎಂದಿರುತ್ತದೆ, ಒಗ್ಗರಣೆಯ ಎಣ್ಣೆ ಮಾತ್ರ ಇರುವುದಿಲ್ಲ. ಗ್ರಾಂಗೆ 9 ಕ್ಯಾಲೊರಿಯಂತೆ, ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120 ಕ್ಯಾಲೊರಿ ಇದೆ. ಒಂದು ವಾರವಾದರೂ ಬಾಣಲೆಗೆ ಬಗ್ಗಿಸುವ ಮುನ್ನ ಎಣ್ಣೆಯನ್ನು ಅಳೆಯಿರಿ.

ಹೆಚ್ಚಿಸುವ 150 ಕ್ಯಾಲೊರಿ ಪ್ರೋಟೀನ್ ಇರುವ ಆಹಾರದಿಂದ ಬಂದರೆ ಒಳ್ಳೆಯದು, ಏಕೆಂದರೆ ತೂಕ ಇಳಿಯುವಾಗ ಕೊಬ್ಬಿನೊಂದಿಗೆ ಸ್ನಾಯುವೂ ಕರಗುತ್ತದೆ. ಎರಡು ಬೇಯಿಸಿದ ಮೊಟ್ಟೆ, ಅಥವಾ 40 ಗ್ರಾಂ ಹೆಸರುಕಾಳು ನೆನೆಸಿ ಮಾಡಿದ ಉಸಲಿ ಸಾಕು. ನಮ್ಮ ಅನ್ನ–ಸಾರಿನ ಊಟದಲ್ಲಿ ಬೇಳೆ ತೀರಾ ತೆಳುವಾಗಿರುವುದರಿಂದ, ಸಸ್ಯಾಹಾರಿಗಳಿಗೆ ಇದನ್ನು ಒತ್ತಿ ಹೇಳುತ್ತೇನೆ.

ಬೆಳಿಗ್ಗೆ ಶೌಚ ಮುಗಿಸಿ, ಕಾಫಿಗೆ ಮುನ್ನ ತೂಕ ನೋಡಿ, ವಾರದ ಸರಾಸರಿಯನ್ನಷ್ಟೇ ಹೋಲಿಸಿ. ಓಟ ಶುರುಮಾಡಿದ ಮೊದಲ ಒಂದೆರಡು ವಾರ ದಣಿದ ಸ್ನಾಯುಗಳಲ್ಲಿ ನೀರು ನಿಲ್ಲುವುದರಿಂದ, ಕೊಬ್ಬು ಕರಗುತ್ತಿದ್ದರೂ ತೂಕ ಅಲುಗಾಡದೇ ಇರಬಹುದು. ಹೆದರಿ ಊಟ ಕಡಿಮೆ ಮಾಡಬೇಡಿ. ಮೂರು ವಾರದ ನಂತರ ವಾರಕ್ಕೆ ಅರ್ಧ ಕೆ.ಜಿ. ಆಸುಪಾಸಿನಲ್ಲಿ ಇಳಿಯುತ್ತಿದ್ದರೆ ಏನನ್ನೂ ಬದಲಿಸುವುದು ಬೇಡ. 800 ಗ್ರಾಂಗಿಂತ ವೇಗವಾಗಿ ಇಳಿಯುತ್ತಿದ್ದರೆ, ನಿದ್ದೆ ಕೆಡುತ್ತಿದ್ದರೆ, ಅಥವಾ ಅದೇ 5 ಕಿಲೋಮೀಟರ್ ದಿನೇದಿನೇ ಭಾರವಾಗುತ್ತಿದ್ದರೆ ಇನ್ನೂ 150 ಸೇರಿಸಿ. ಇದನ್ನು ಓದುವ ಹೆಣ್ಣುಮಕ್ಕಳಲ್ಲಿ ಯಾರಿಗಾದರೂ ಮುಟ್ಟು ತಪ್ಪುತ್ತಿದ್ದರೆ ಕೂಡಲೇ ಊಟ ಹೆಚ್ಚಿಸಿ, ವೈದ್ಯರನ್ನು ಕಾಣಬೇಕು. ತೂಕ ಇಳಿಯದೇ ನಿಂತಿದ್ದರೆ, ಊಟಕ್ಕೆ ಕತ್ತರಿ ಹಾಕುವ ಮೊದಲು ಎಣ್ಣೆ, ಕಾಫಿಯ ಸಕ್ಕರೆ ಮತ್ತು ಸಂಜೆಯ ಕುರುಕಲನ್ನು ಮತ್ತೊಮ್ಮೆ ಲೆಕ್ಕ ಮಾಡಿ.

77 ಕೆ.ಜಿ. ತಲುಪಿದಾಗ ಇಡೀ ಲೆಕ್ಕವನ್ನು ಹೊಸದಾಗಿ ಮಾಡಿ, ಐದು ಕೆ.ಜಿ. ಇಳಿದ ದೇಹಕ್ಕೆ ದಿನಕ್ಕೆ ಸುಮಾರು 60 ಕ್ಯಾಲೊರಿ ಕಡಿಮೆ ಸಾಕು, ಪ್ರತಿ ಓಟಕ್ಕೂ 25ರಷ್ಟು ಕಡಿಮೆ ಖರ್ಚಾಗುತ್ತದೆ. ನೀವು ಬರೆಯದ ಒಂದು ವಿಷಯವಿದೆ: ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಹೌದಾದರೆ, ಓಟ ಹೆಚ್ಚಿಸಿ ಊಟ ಕಡಿಮೆಯಿರುವಾಗ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಆದ್ದರಿಂದ ಮುಂದಿನ ಓಟಕ್ಕೆ ಮುಂಚೆಯೇ ನಿಮ್ಮ ವೈದ್ಯರೊಂದಿಗೆ ಔಷಧದ ಪ್ರಮಾಣದ ಬಗ್ಗೆ ಮಾತನಾಡಿ.