ಜೋಡಿ ಬುಲ್‌ಡಾಗ್ ಮರಿ, ಬೇರೆ ಬೇರೆ ತಟ್ಟೆ

ಪ್ರಶ್ನೆ: ಒಂದೇ ಸೂಲಿನ ಎರಡು ಬುಲ್‌ಡಾಗ್ ಮರಿ ತಂದಿದ್ದೇವೆ, ಒಂಬತ್ತು ವಾರದವು. ಒಂದನ್ನು ಆಚೆ ಒಯ್ದರೆ ಇನ್ನೊಂದು ಅರಚುತ್ತದೆ. ಊಟಕ್ಕೆ ಕೂತರೆ ಗುರ್ ಎನ್ನುತ್ತವೆ. ಏನು ಮಾಡೋಣ?
– ಓದುಗರು, ಮಂಡ್ಯ

ಉತ್ತರ: ಮೊದಲು ತಟ್ಟೆ ಬೇರೆ ಮಾಡಿ. ಎರಡು ಮೂಲೆ ಸಾಲದು, ನಡುವೆ ಮುಚ್ಚಿದ ಬಾಗಿಲಿರಲಿ. ದಿನಕ್ಕೆ ಮೂರು ಸಲ ಹಾಕಿ, 15 ನಿಮಿಷಕ್ಕೆ ತಟ್ಟೆ ಎತ್ತಿಬಿಡಿ. ಯಾವುದು ಊಟ ಬಿಟ್ಟಿತು ಎಂಬುದೂ ಆಗಲೇ ತಿಳಿಯುವುದು.

ಅರಚಾಟಕ್ಕೆ ಕಾರಣ, ಅವು ನಿಮಗಿಂತ ಪರಸ್ಪರ ಅಂಟಿಕೊಂಡಿವೆ. ಮಲಗಲು ಎರಡು ಗೂಡು ಕೊಡಿ. ಮೊದಲು ಪಕ್ಕಪಕ್ಕ ಇಟ್ಟು, ಎರಡು ದಿನಕ್ಕೊಮ್ಮೆ ಒಂದೊಂದು ಗೇಣು ದೂರ ಸರಿಸಿ. ಕರೆದರೆ ಬರುವುದು, ಕೂರುವುದು ಎಲ್ಲವನ್ನೂ ಒಂದೊಂದಕ್ಕೇ ಐದೈದು ನಿಮಿಷ ಕಲಿಸಿ. ಜೊತೆಯಲ್ಲಿ ಕಲಿಸಿದರೆ ಒಂದು ಕಲಿಯುತ್ತದೆ, ಇನ್ನೊಂದು ಅದರ ಬಾಲ ಕಚ್ಚುತ್ತದೆ! ಎರಡೂ ಒಂದೇ ಲಿಂಗದವಾದರೆ ಬೆಳೆದ ಮೇಲೆ ಜಗಳ ಹೆಚ್ಚಬಹುದು, ಈಗಿನಿಂದಲೇ ಗಮನವಿರಲಿ.

ಮೂಗಿನ ಮೇಲಿನ ಮಡಿಕೆಯನ್ನು ಹೆಬ್ಬೆರಳಲ್ಲಿ ಬಿಡಿಸಿ, ಒದ್ದೆ ಹತ್ತಿಯಿಂದ ಒರೆಸಿ, ಮತ್ತೆ ಒಣ ಬಟ್ಟೆಯಿಂದ ತೇವ ತೆಗೆಯಿರಿ. ತೇವ ಉಳಿದರೆ ಕೆಂಪಾಗಿ ನಾರುತ್ತದೆ. ಬಾಲದ ಬುಡವನ್ನೂ ಹೀಗೆಯೇ ಒರೆಸಿ, ಅದನ್ನು ಮರೆಯುವವರೇ ಹೆಚ್ಚು.

ಚಪ್ಪಟೆ ಮೂಗಿನ ನಾಯಿಗೆ ಬಿಸಿಲು ಪ್ರಾಣಕ್ಕೇ ಕುತ್ತು. ಮಾರ್ಚ್‌ನಿಂದ ಮೇವರೆಗೆ ಬೆಳಗ್ಗೆ ಏಳರೊಳಗೆ ತಿರುಗಾಟ ಮುಗಿಸಿ. ಕತ್ತಿನ ಪಟ್ಟಿ ಬೇಡ, ಎದೆಪಟ್ಟಿ ಹಾಕಿ. ಲಸಿಕೆ ಮುಗಿಯುವ ತನಕ ಬೀದಿಗೆ ಬಿಡಬೇಡಿ. ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲಂತೂ ಹಗ್ಗ ಬಿಚ್ಚಲೇಬೇಡಿ: ಭಾರದ ತಲೆ, ಗಿಡ್ಡ ಕಾಲಿನ ಇವು ನೀರಿಗೆ ಬಿದ್ದರೆ ಮುಳುಗುತ್ತವೆ.